ತಂದೆಯನ್ನು ಗೆದ್ದ ಮಗ

ಮಧುಗಿರಿಯ ಏಕಶಿಲೆಯ ಬೆಟ್ಟದ ಮಗ್ಗುಲಲ್ಲಿ ಕನ್ನಡ ಪಾಠ ಹೇಳಿಕೊಂಡಿರುವ ನನ್ನ ಬಳಿಗೆ ಶಿರಾ, ಕೊರಟಗೆರೆ, ಪಾವಗಡಗಳಿಂದಲೂ ವಿದ್ಯಾರ್ಥಿಗಳು ಬರುತ್ತಾರೆ. ಈಚೆಗೆ ಅವರಲ್ಲೊಬ್ಬನು ದಪ್ಪನಾದ ಇಂಗ್ಲಿಷ್ ಕಾದಂಬರಿಯೊಂದನ್ನು ನನ್ನ ಮೇಜಿನ ಮೇಲಿಟ್ಟು, "ಇದು ಎರಡನೆಯ ಭಾಗ, ಸಾರ್. ಮಂತ್ರಮಾಯೆ, ಮನೆತನ, ಸೇಡು ಎಲ್ಲವೂ ಇವೆ. ನಾಯಕ ನನ್ನ ವಯಸ್ಸಿನವನು. ಕನ್ನಡದಲ್ಲಿ ಇಂಥದು ಏಕಿಲ್ಲ?" ಎಂದು ಕೇಳಿದನು.

"ಇದೆಯಪ್ಪಾ" ಎಂದು ಜೈಮಿನಿ ಭಾರತವನ್ನು ಅವನ ಕೈಗಿತ್ತೆ.

ದೇವನೂರಿನ ಲಕ್ಷ್ಮೀಶನು ವಾರ್ಧಕ ಷಟ್ಪದಿಯ 34 ಸಂಧಿಗಳಲ್ಲಿ ಹೇಳಿದ ಈ ಕಥೆ, ಕುರುಕ್ಷೇತ್ರದ ಯುದ್ಧ ಮುಗಿದ ಮೇಲಿನದು. ಮಹಾಯುದ್ಧದ ಉತ್ತರಭಾಗವೆಂದರೆ ತಪ್ಪಾಗದು. ಧರ್ಮರಾಯನ ಅಶ್ವಮೇಧದ ಕುದುರೆಯ ಹಿಂದೆ ಅರ್ಜುನನು ಹೊರಟಿದ್ದಾನೆ. ಹಿರಿಯರ ಕದನವೇನೋ ಮುಗಿದಿದೆ, ಅವರು ಬಿತ್ತಿದ ಹಗೆ ಮುಗಿದಿಲ್ಲ. ನೀಲಧ್ವಜನ ರಾಣಿ ಜ್ವಾಲೆ ಅರ್ಜುನನ ಮೇಲೆ ಕಡುಹಗೆ ತೊಟ್ಟವಳು. ಅವಳು ಗಂಗೆಯನ್ನು ಕೆರಳಿಸುತ್ತಾಳೆ. ಮಗ ಭೀಷ್ಮನನ್ನು ಕಳೆದುಕೊಂಡ ಗಂಗೆ, ಅರ್ಜುನನು ತನ್ನ ಮಗನಿಂದಲೇ ಸಾಯಲೆಂದು ಶಪಿಸುತ್ತಾಳೆ. ಜ್ವಾಲೆಯಾದರೋ ಬೆಂಕಿಯನ್ನು ಹೊಕ್ಕು, ಬಾಣವಾಗಿ ಬಭ್ರುವಾಹನನ ಬತ್ತಳಿಕೆಯನ್ನು ಸೇರುತ್ತಾಳೆ.

ಬಭ್ರುವಾಹನನು ಮಣಿಪುರದ ತರುಣ ಅರಸು, ಅರ್ಜುನನ ಮಗ. ತಾಯಿ ಚಿತ್ರಾಂಗದೆಯ ಮಾತಿನಂತೆ, ಕಟ್ಟಿದ ಕುದುರೆಯನ್ನು ಒಪ್ಪಿಸಿ ತಂದೆಯ ಕಾಲಿಗೆರಗುತ್ತಾನೆ. ಅರ್ಜುನನೋ ಅವನನ್ನು ಒದೆದು, ತನ್ನ ಮಗನಾಗಿದ್ದರೆ ಕಾದದೆ ಕುದುರೆಯನ್ನು ತಂದೊಪ್ಪಿಸುತ್ತಿದ್ದನೇ ಎಂದು ಹಳಿಯುತ್ತಾನೆ. ತಾಯಿಯ ಮಾನಕ್ಕೂ ಕೈಹಾಕುತ್ತಾನೆ. ಆಮೇಲೆ ನಡೆಯುವುದು ಯುದ್ಧ. ಕರ್ಣನ ಮಗ ವೃಷಕೇತು ಬೀಳುತ್ತಾನೆ. ಅರ್ಜುನನ ತಲೆಯೂ ಉರುಳುತ್ತದೆ.

ನಾನು ಹುಡುಗನಾಗಿದ್ದಾಗ ಕೊರಟಗೆರೆ ಸೀಮೆಯ ಹಳ್ಳಿಯೊಂದರಲ್ಲಿ ಈ ಪ್ರಸಂಗವನ್ನು ಮೂಡಲಪಾಯದ ಬಯಲಾಟದಲ್ಲಿ ಕಂಡಿದ್ದೆ. ಮುಖವೀಣೆಯ ದನಿಗೆ ಕುಣಿದ ಆ ವೇಷಧಾರಿಯ ಗೆಲುವಿಗೆ ನಾವು ಹುಡುಗರೆಲ್ಲ ಕೇಕೆ ಹಾಕಿದೆವು. 1977ರಲ್ಲಿ ತೆರೆಕಂಡ ಚಿತ್ರದಲ್ಲಿ ತಂದೆ ಮಗ ಇಬ್ಬರೂ ರಾಜಕುಮಾರ್ ಅವರೇ ಆಗಿದ್ದುದನ್ನು ಬಲ್ಲ ವಾಚಕರಿಗೆ, ಒಂದೇ ಮುಖ ಎರಡಾಗಿ ಕಾದಾಡುವುದರ ಸಂಕಟವನ್ನು ಹೇಳಬೇಕಾಗಿಲ್ಲ.

ಪುಸ್ತಕ ಕೊಂಡೊಯ್ದ ವಿದ್ಯಾರ್ಥಿ ಒಂದು ವಾರದ ಮೇಲೆ ಬಂದು ಸುಮ್ಮನೆ ನಿಂತನು. ಅವನದು ಪಾವಗಡದ ಕಡೆಯ ಹಳ್ಳಿ. ಮಳೆ ಕೈಕೊಟ್ಟು ಕಡಲೆಕಾಯಿ ಒಣಗುತ್ತಿದ್ದ ಹೊಲವನ್ನು ಅವನ ತಂದೆ ಸೌರವಿದ್ಯುತ್ತಿಗೆಂದು ಗುತ್ತಿಗೆ ಕೊಟ್ಟಿದ್ದರು. ಅಜ್ಜನ ಹೊಲವೆಂದು ಇವನು ಎದುರಾಡಿದನು. ಮಾತಿಗೆ ಮಾತು ಬೆಳೆದು, "ನೀನು ನನ್ನ ಮಗನೇ ಅಲ್ಲ" ಎಂಬಲ್ಲಿಗೆ ಮುಟ್ಟಿತಂತೆ. ಆರು ತಿಂಗಳಿಂದ ಅವನು ಮನೆಯ ಹೊಸ್ತಿಲು ತುಳಿದಿರಲಿಲ್ಲ.

"ಬಭ್ರುವಾಹನ ಮಾಡಿದ್ದರಲ್ಲಿ ತಪ್ಪೇನು, ಸಾರ್?" ಎಂದನು.

ತಪ್ಪೆಂದು ನಾನು ಹೇಳಲಿಲ್ಲ. "ಅವನ ಬತ್ತಳಿಕೆಯಲ್ಲಿದ್ದ ಬಾಣ ಯಾರದು, ನೋಡಿದೆಯಾ?" ಎಂದೆ. ಸಿಟ್ಟು ಅವನದೇ, ನ್ಯಾಯವಾದದ್ದೇ. ಬಾಣ ಮಾತ್ರ ತಾನು ಕಂಡರಿಯದ ಜ್ವಾಲೆಯ ಹಗೆ. ಎಳೆಯರು ತಮ್ಮದೆಂದು ಬಿಡುವ ಬಾಣದಲ್ಲಿ ಹಿರಿಯರ ಹಳೆಯ ಲೆಕ್ಕ ಎಷ್ಟಿರುತ್ತದೋ! ಈ ಕಥೆಯ ಮಾಯೆ ಬರಿಯ ಬೆರಗಿಗಾಗಿ ಬಂದುದಲ್ಲ. ಕಣ್ಣಿಗೆ ಕಾಣದ ಈ ಸತ್ಯವನ್ನು ಕಾಣಿಸಲು ಬಂದುದು.

ಗೆದ್ದ ಮಗನಿಗೆ ಗೆಲುವು ಉಳಿಯಲಿಲ್ಲ. ತಾಯಂದಿರ ಅಳಲನ್ನು ಕಂಡು ಬೆಂಕಿಗೆ ಬೀಳಲು ಹೊರಟನು. ಕೊಲ್ಲುವುದಕ್ಕೆ ಒಂದು ಬಾಣ ಸಾಕಾಯಿತು. ಬದುಕಿಸುವುದಕ್ಕೆ ಉಲೂಪಿಯ ಉಪಾಯ ಬೇಕಾಯಿತು. ಪಾತಾಳಕ್ಕಿಳಿದು, ನಾಗರೊಡನೆ ಕಾದಿ, ಸಂಜೀವಕ ಮಣಿಯನ್ನು ಮಗನೇ ತರಬೇಕಾಯಿತು. ಕೊನೆಗೆ ಕೃಷ್ಣನೂ ಬರಬೇಕಾಯಿತು.

ಇಷ್ಟನ್ನು ಹೇಳಿ ನಾನು ಸುಮ್ಮನಾದೆ. ತಂದೆಯ ಪಾದಕ್ಕೆ ಬೀಳು ಎಂದು ಉಪದೇಶಿಸುವ ಧೈರ್ಯ ನನಗಿರಲಿಲ್ಲ. ಮೊದಲು ಒದೆದವನು ಅರ್ಜುನನೇ ಅಲ್ಲವೇ?

ಮುಂದಿನ ಸೋಮವಾರ ಅವನು ಪುಸ್ತಕವನ್ನು ಹಿಂದಿರುಗಿಸಿದನು.

"ಊರಿಗೆ ಹೋಗಿದ್ದೆ, ಸಾರ್."

"ಏನಂದರು?"

"ಏನೂ ಅನ್ನಲಿಲ್ಲ. ಊಟಕ್ಕೆ ಕೂತ್ಕೋ ಅಂದರು."