ಹಿಡಿದ ಬ್ರೇಕ್ ಬಿಡದಾಗ

ಮಳೆಯಲ್ಲಿ ವಾರಗಟ್ಟಲೆ ನಿಂತ ಹಳೆಯ ಮಾರುತಿ 800 ಹೊರಡಿಸಲು ಹೋದರೆ ಕೆಲವೊಮ್ಮೆ ಹೀಗಾಗುತ್ತದೆ: ಗೇರ್ ಹಾಕಿ ಕ್ಲಚ್ ಬಿಟ್ಟೊಡನೆ ಕಾರು ಒಮ್ಮೆ ತುಯ್ದು ಅಲ್ಲೇ ನಿಲ್ಲುತ್ತದೆ. ಹ್ಯಾಂಡ್‌ಬ್ರೇಕ್ ಇಳಿಸಿದ್ದಾಗಿದೆ, ಆದರೂ ಹಿಂದಿನ ಚಕ್ರ ಮಿಸುಕದು. ಮತ್ತೆ ಕೆಲವು ಕಾರುಗಳು ಓಡುತ್ತವೆ, ಆದರೆ ಒಲ್ಲದ ಮನಸ್ಸಿನಿಂದ. ಆಕ್ಸಿಲರೇಟರ್ ಬಿಟ್ಟರೆ ತೇಲಿ ಹೋಗುವ ಬದಲು ಬೇಗ ನಿಲ್ಲುತ್ತವೆ, ಪೆಟ್ರೋಲ್ ಹೆಚ್ಚು ಕುಡಿಯುತ್ತವೆ, ಇಳಿದು ಹಿಂದೆ ಹೋದರೆ ಸುಟ್ಟ ವಾಸನೆ ಬರುತ್ತದೆ. ಮೆಕ್ಯಾನಿಕ್ಕುಗಳು ಇದನ್ನು ‘ಬ್ರೇಕ್ ಜಾಮ್’ ಎನ್ನುತ್ತಾರೆ.

ಚೆನ್ನೈನ ಉತ್ತರ ಅಂಚಿನ ಮಾಧವರಂ ಈ ಕಾಯಿಲೆಗೆ ಹೇಳಿ ಮಾಡಿಸಿದ ಜಾಗ. ಬಂಗಾಳ ಕೊಲ್ಲಿ ದೂರವಿಲ್ಲ. ಪುಳಲ್, ರೆಟ್ಟೇರಿ ಕೆರೆಗಳು ಮಗ್ಗುಲಲ್ಲೇ ಇವೆ. ನಗರಕ್ಕೆ ವರ್ಷಕ್ಕೆ ಸುಮಾರು 1,400 ಮಿ.ಮೀ. ಮಳೆ, ಅದರಲ್ಲಿ ಅರ್ಧಕ್ಕೂ ಹೆಚ್ಚು ಬೀಳುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮೂರು ತಿಂಗಳಲ್ಲಿ. 2023ರ ಡಿಸೆಂಬರ್ ಮೊದಲ ವಾರ ಮಿಚಾಂಗ್ ಚಂಡಮಾರುತ ಬಂದಾಗ ಉತ್ತರ ಚೆನ್ನೈನ ಎಷ್ಟೋ ಬೀದಿಗಳಲ್ಲಿ ನೀರು ದಿನಗಟ್ಟಲೆ ನಿಂತಿತ್ತು. ಕಬ್ಬಿಣಕ್ಕೆ ತೇವ ಒಂದೇ ಸಾಕು. ಅದರ ಜೊತೆ ಕಡಲ ಗಾಳಿಯ ಉಪ್ಪೂ ಸೇರಿದರೆ ತುಕ್ಕು ಇನ್ನಷ್ಟು ಬೇಗ ಹಬ್ಬುತ್ತದೆ. ಹಾಗಂತ ಇಲ್ಲಿ ಬಿಡಿಭಾಗಕ್ಕೆ ಬರವಿಲ್ಲ. ಟಿವಿಎಸ್ ಬಳಗ ಬ್ರಿಟನ್ನಿನ ಗರ್ಲಿಂಗ್ ಜೊತೆ ಸೇರಿ 1962ರಲ್ಲಿ ಕಟ್ಟಿದ ಬ್ರೇಕ್ಸ್ ಇಂಡಿಯಾ ಕಾರ್ಖಾನೆ ಪಕ್ಕದ ಪಾಡಿಯಲ್ಲೇ ಇದೆ. ಬರ ಇರುವುದು ರೋಗ ಎಲ್ಲಿದೆಯೆಂದು ಹುಡುಕುವ ತಾಳ್ಮೆಗೆ. ಬ್ರೇಕ್ ಶೂ ಬದಲಾಯಿಸಿ ಕಳಿಸಿದ ಕಾರು ತಿಂಗಳೊಳಗೆ ಅದೇ ದೂರು ಹೊತ್ತು ವಾಪಸ್ಸು ಬರುವುದು ಅದಕ್ಕೇ.

ಡ್ರಮ್ ಬ್ರೇಕಿನ ಒಳಗೆ ಏನು ನಡೆಯುತ್ತದೆ ನೋಡಿ. ಚಕ್ರದ ಜೊತೆ ತಿರುಗುವ ಬೀಡುಕಬ್ಬಿಣದ ಡ್ರಮ್ಮಿನೊಳಗೆ ಅರ್ಧಚಂದ್ರದ ಆಕಾರದ ಎರಡು ಶೂಗಳಿರುತ್ತವೆ. ಕಾಲು ಪೆಡಲನ್ನು 20 ಕೆ.ಜಿ. ಭಾರದಿಂದ ಒತ್ತಿತೆನ್ನಿ. ಪೆಡಲಿನ ಸನ್ನೆ ಅದನ್ನು ನಾಲ್ಕು ಪಟ್ಟು ಮಾಡಿದರೆ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಮೇಲೆ 80 ಕೆ.ಜಿ. ಬೀಳುತ್ತದೆ. ಆ ಪಿಸ್ಟನ್ನಿನ ವಿಸ್ತಾರ 3 ಚದರ ಸೆಂ.ಮೀ. ಇದ್ದರೆ ಪ್ರತಿ ಚದರ ಸೆಂ.ಮೀ.ಗೆ ಸುಮಾರು 27 ಕೆ.ಜಿ. ಒತ್ತಡ ಬ್ರೇಕ್ ಆಯಿಲ್‌ನಲ್ಲಿ ಹುಟ್ಟುತ್ತದೆ. ಪ್ಯಾಸ್ಕಲ್ ಹೇಳಿದ ನಿಯಮದಂತೆ ಅದು ಕೊಳವೆಯುದ್ದಕ್ಕೂ ಒಂದೇ ಸಮನಾಗಿ ಹರಡಿ, ಶೂಗಳನ್ನು ಅಗಲಿಸುವ, 2 ಚದರ ಸೆಂ.ಮೀ. ವಿಸ್ತಾರದ ವೀಲ್ ಸಿಲಿಂಡರ್ ಪಿಸ್ಟನ್ ಒಂದೊಂದನ್ನೂ 50 ಕೆ.ಜಿ.ಗೂ ಮೀರಿದ ಬಲದಿಂದ ತಳ್ಳುತ್ತದೆ. ಇದರ ಮೇಲೆ, ಚಕ್ರ ತಿರುಗುವ ರಭಸಕ್ಕೆ ಮುಂದಿನ ಶೂ ತಾನೇ ಡ್ರಮ್ಮಿನೊಳಕ್ಕೆ ಇನ್ನಷ್ಟು ಎಳೆಸಿಕೊಳ್ಳುತ್ತದೆ.

ಹಿಡಿಯುವುದಕ್ಕೆ ಇಷ್ಟೆಲ್ಲ ಏರ್ಪಾಡು. ಬಿಡುವುದಕ್ಕೆ? ಎರಡು ಶೂಗಳ ನಡುವೆ ಕಟ್ಟಿದ ರಿಟರ್ನ್ ಸ್ಪ್ರಿಂಗ್, ಅಷ್ಟೇ. ಅದಕ್ಕೆ ಸನ್ನೆಯೂ ಇಲ್ಲ, ದ್ರವದ ಒತ್ತಡವೂ ಇಲ್ಲ. ದಾರಿಯಲ್ಲಿ ತುಕ್ಕೋ ಕೊಳೆಯೋ ಅಡ್ಡ ಬಂದರೆ ಕಾಲಿನ ಬಲ ಅದನ್ನು ಮೀರಿ ನುಗ್ಗುತ್ತದೆ, ಸ್ಪ್ರಿಂಗ್ ಮೀರಲಾರದು. ಹಾಗಾಗಿ ಬ್ರೇಕಿಗೆ ವಯಸ್ಸಾದದ್ದು ಹಿಡಿಯುವಾಗ ತಿಳಿಯುವುದಕ್ಕಿಂತ ಎಷ್ಟೋ ಮೊದಲು ಬಿಡುವಾಗ ತಿಳಿಯುತ್ತದೆ. ‘ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತಲ್ಲ’ ಎಂದು ಮಾಲೀಕರು ವಾದಿಸುವುದು ಇದೇ ಕಾರಣಕ್ಕೆ.

ಹ್ಯಾಂಡ್‌ಬ್ರೇಕಿನ ಕೇಬಲ್ಲಿಗೂ ಇದೇ ಪಾಡು. ಕೇಬಲ್ ಎಳೆಯಬಲ್ಲದು, ತಳ್ಳಲಾರದು. ಹೊದಿಕೆ ಹರಿದು ನೀರು ಇಳಿದು ಒಳಗಿನ ತಂತಿಗೆ ತುಕ್ಕು ಹಿಡಿದರೆ, ಲಿವರ್ ಕೆಳಗಿಳಿದರೂ ತಂತಿ ಎಳೆದಲ್ಲೇ ಉಳಿಯುತ್ತದೆ. ಬ್ರೇಕ್ ಆಯಿಲನ್ನು ಚಕ್ರದತ್ತ ಒಯ್ಯುವ ರಬ್ಬರ್ ಹೋಸ್ ಇನ್ನೂ ಮೋಸದ್ದು. ಹೊರಗಿನಿಂದ ಲಕ್ಷಣವಾಗಿ ಕಾಣುತ್ತದೆ, ಒಳಪದರ ಉಬ್ಬಿ ದಾರಿ ಕಟ್ಟಿರುತ್ತದೆ. ಪೆಡಲ್ ಒತ್ತಿದಾಗ ದ್ರವ ನುಗ್ಗಿ ಚಕ್ರ ಸೇರುತ್ತದೆ. ವಾಪಸ್ಸು ತಳ್ಳುವುದು ಬಡ ಸ್ಪ್ರಿಂಗಿನ ಪಾಲಿಗೆ ಬಂದು, ಒತ್ತಡ ಅಲ್ಲೇ ಸಿಕ್ಕಿಬೀಳುತ್ತದೆ.

ಅಂಟಿದ ಬ್ರೇಕು ಬರೀ 100 ನ್ಯೂಟನ್, ಎಂದರೆ ಸುಮಾರು 10 ಕೆ.ಜಿ. ಬಲದಿಂದ ಕಾರನ್ನು ಹಿಂದೆಳೆದರೂ, ಗಂಟೆಗೆ 40 ಕಿ.ಮೀ. ವೇಗದಲ್ಲಿ 1,100 ವಾಟ್ ಶಾಖ ಹುಟ್ಟುತ್ತದೆ. ಚಕ್ರದೊಳಗೆ ಇಸ್ತ್ರಿಪೆಟ್ಟಿಗೆ ಹಚ್ಚಿಟ್ಟ ಹಾಗೆ. ಹಳೆಯ ಬ್ರೇಕ್ ಆಯಿಲ್‌ಗೆ ಇದು ಅಪಾಯ. ಡಾಟ್ 3 ದರ್ಜೆಯದ್ದು ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದು. ಆದರೆ ಅದು ಗಾಳಿಯ ತೇವವನ್ನು ಹೀರುವ ಗುಣದ್ದು, ನೀರಿನಂಶ 3.7% ತಲುಪಿದಾಗ ಮಾನದಂಡ ಕೇಳುವುದು 140 ಡಿಗ್ರಿ ಮಾತ್ರ. ಕುದಿದು ಗುಳ್ಳೆ ಎದ್ದರೆ ಪೆಡಲ್ ಮೆತ್ತಗಾಗಿ ಕೆಳಗಿಳಿದುಬಿಡುತ್ತದೆ. ಬಿಡದ ಬ್ರೇಕು ಕೊನೆಗೆ ಹಿಡಿಯದ ಬ್ರೇಕೂ ಆಗುವುದು ಹೀಗೆ.

ಪತ್ತೆ ಹಚ್ಚಲು ದೊಡ್ಡ ಯಂತ್ರವೇನೂ ಬೇಡ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಜ್ಯಾಕಿನಿಂದೆತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ (ಬರೀ ಜ್ಯಾಕ್ ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ), ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಇಳಿಸಿ ಚಕ್ರವನ್ನು ಕೈಯಿಂದ ತಿರುಗಿಸಿ. ಬಿಗಿಯಾಗಿದ್ದರೆ ವೀಲ್ ಸಿಲಿಂಡರಿನ ಹಿಂದಿರುವ ಬ್ಲೀಡಿಂಗ್ ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿ. ನನ್ನ ಲೆಕ್ಕದಲ್ಲಿ ಇಡೀ ಕೆಲಸದಲ್ಲಿ ಅತ್ಯಂತ ಬೆಲೆಯುಳ್ಳ ಪರೀಕ್ಷೆ ಇದು. ದ್ರವ ಚಿಮ್ಮಿ ಚಕ್ರ ಸಡಿಲವಾಯಿತೋ, ಒತ್ತಡ ಸಿಕ್ಕಿಬಿದ್ದಿದೆ. ಡ್ರಮ್ಮಿನೊಳಗೆ ಹುಡುಕಿ ಫಲವಿಲ್ಲ. ಆಗ ಚಕ್ರವನ್ನು ಮತ್ತೆ ಹಿಡಿಯುವಂತೆ ಮಾಡಿ, ಹೋಸ್ ಲೋಹದ ಕೊಳವೆಗೆ ಸೇರುವ ಕಡೆ ಸಡಿಲಿಸಿ ನೋಡಬೇಕು. ಅಲ್ಲಿ ಬಿಟ್ಟರೆ ತೊಂದರೆ ಮಾಸ್ಟರ್ ಸಿಲಿಂಡರಿನ ಕಡೆಯದು, ಬಿಡದಿದ್ದರೆ ಹೋಸಿನದು. ಅಂಬಾಸಡರ್, ಪ್ರೀಮಿಯರ್ ಪದ್ಮಿನಿಯಂಥ ಕಾರುಗಳಲ್ಲಿ ಹಿಂದಿನ ಆಕ್ಸಲ್ಲಿಗೆ ಹೋಗುವುದು ಒಂದೇ ಹೋಸ್, ಆದ್ದರಿಂದ ಎರಡೂ ಹಿಂಚಕ್ರ ಒಟ್ಟಿಗೇ ಹಿಡಿಯುತ್ತವೆ. ತಣ್ಣಗಿದ್ದಾಗ ಸರಿಯಿದ್ದು ಕೆಲವು ಕಿ.ಮೀ. ಓಡಿದ ಮೇಲೆ ಬಿಗಿಯುವ ಬ್ರೇಕಿದ್ದರೆ ಪೆಡಲಿನ ಫ್ರೀ ಪ್ಲೇ (ಒತ್ತಲು ಶುರುಮಾಡಿದಾಗಿನ ಖಾಲಿ ಚಲನೆ) ನೋಡಿ. ಯಾರೋ ಅದನ್ನು ಪೂರ್ತಿ ತೆಗೆದಿದ್ದರೆ, ಕಾದು ಹಿಗ್ಗಿದ ದ್ರವ ಮೇಲಿನ ಡಬ್ಬಿಗೆ ಮರಳುವ ಸಣ್ಣ ರಂಧ್ರ ಮುಚ್ಚಿಯೇ ಇರುತ್ತದೆ.

ನಿಪ್ಪಲ್ ತೆರೆದರೂ ಚಕ್ರ ಬಿಡಲಿಲ್ಲವೆನ್ನಿ. ಕೇಬಲ್ಲಿನ ನಟ್ ಸಡಿಲಿಸಿ. ಈಗ ಬಿಟ್ಟರೆ ಕೇಬಲ್ಲೇ ಅಪರಾಧಿ. ಅದಕ್ಕೆ ಎಣ್ಣೆ ಬಿಟ್ಟು ಕೆಲವು ದಿನ ತಳ್ಳಬಹುದು, ಆದರೆ ಹೊಸದು ಹಾಕುವುದೇ ಲೇಸು. ಆಗಲೂ ಬಿಡದಿದ್ದರೆ ಶೂ ಡ್ರಮ್ಮಿಗೆ ಅಂಟಿದೆ, ಇಲ್ಲವೇ ವೀಲ್ ಸಿಲಿಂಡರಿನ ಪಿಸ್ಟನ್ ತುಕ್ಕಿನಲ್ಲಿ ಹೂತಿದೆ. ಅಂಟಿದ್ದಕ್ಕೆ ಕಾರನ್ನು ನೆಲಕ್ಕಿಳಿಸಿ ಮೆಲ್ಲಗೆ ಮುಂದೆ, ಹಿಂದೆ ಆಡಿಸುವುದುಂಟು. ದಿಕ್ಕು ಬದಲಾದಾಗ ಎಳೆಸಿಕೊಳ್ಳುವ ಶೂ ಕೂಡ ಬದಲಾಗಿ ‘ಟಕ್’ ಎಂದು ಕಳಚುತ್ತದೆ. ರೇಗಿ ಜೋರು ಮಾಡಿದರೆ ಲೈನಿಂಗೇ ಶೂವಿನಿಂದ ಕಿತ್ತು ಬರಬಹುದು.

ಡ್ರಮ್ ತೆಗೆಯುವ ಮುನ್ನ ಅಡ್ಜಸ್ಟರ್ ಸಡಿಲಿಸಬೇಕು, ಇಲ್ಲದಿದ್ದರೆ ಸವೆದ ಡ್ರಮ್ಮಿನ ಅಂಚು ಶೂವಿಗೆ ಸಿಕ್ಕಿಕೊಳ್ಳುತ್ತದೆ. ಒಳಗಿನ ಧೂಳನ್ನು ಊದಬೇಡಿ, ಹಳೆಯ ಲೈನಿಂಗಿನಲ್ಲಿ ಅಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ. ಒಂದು ಬದಿ ಮುಗಿಯುವ ತನಕ ಇನ್ನೊಂದನ್ನು ಬಿಚ್ಚದಿದ್ದರೆ ಸ್ಪ್ರಿಂಗ್ ಯಾವುದು ಎಲ್ಲಿತ್ತೆಂದು ನೋಡಿಕೊಳ್ಳಬಹುದು. ಡ್ರಮ್ಮಿನ ತುಕ್ಕು ಉಪ್ಪುಕಾಗದಕ್ಕೆ ಹೋಗುತ್ತದೆ. ವೀಲ್ ಸಿಲಿಂಡರಿನ ಒಳಗೋಡೆಯಲ್ಲಿ ಗುಳಿ ಬಿದ್ದಿದ್ದರೆ ರಬ್ಬರ್ ಮಾತ್ರ ಬದಲಿಸುವುದು ವ್ಯರ್ಥ, ಸಿಲಿಂಡರೇ ಹೊಸದಾಗಲಿ. ಈ ರಬ್ಬರಿಗೆ ಇಂಜಿನ್ ಆಯಿಲಾಗಲಿ ಸಾಧಾರಣ ಗ್ರೀಸಾಗಲಿ ತಾಗಕೂಡದು. ಪೆಟ್ರೋಲಿಯಂ ಎಣ್ಣೆಗೆ ಅದು ಉಬ್ಬಿ ಹೊಸ ಜಾಮ್ ತಂದಿಡುತ್ತದೆ. ಕೊನೆಗೆ ಹೊಸ ಬ್ರೇಕ್ ಆಯಿಲ್ ಹಾಕಿ ಗಾಳಿ ತೆಗೆಯಿರಿ. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ, ಇಲ್ಲದಿದ್ದರೆ ಬಣ್ಣ ಕಿತ್ತುಹೋಗುತ್ತದೆ.

ಆಮೇಲೆ ಮಾಧವರಂ ಒಳ ವರ್ತುಲ ರಸ್ತೆಯಲ್ಲಿ ಲಾರಿಗಳ ಸಂದಣಿ ಇಲ್ಲದ ಹೊತ್ತು ನೋಡಿ ಕೆಲವು ಕಿ.ಮೀ. ಓಡಿಸಿ, ಆದಷ್ಟು ಬ್ರೇಕ್ ಒತ್ತದೆ ನಿಲ್ಲಿಸಿ, ಎರಡೂ ಹಿಂಚಕ್ರಗಳ ಹತ್ತಿರ ಮುಟ್ಟದೆ ಅಂಗೈ ಹಿಡಿಯಿರಿ. ಒಂದು ಬದಿ ಹೆಚ್ಚು ಬಿಸಿಯಿದ್ದರೆ ಆ ಬದಿಯ ಕೇಬಲ್ ಇನ್ನೊಮ್ಮೆ ನೋಡಬೇಕು. ಎರಡೂ ತಣ್ಣಗಿದ್ದರೆ ಮನೆಗೆ ಹೋಗಿ. ಮುಂದಿನ ಮಳೆಗಾಲದಲ್ಲಿ ಕಾರನ್ನು ಹೆಚ್ಚು ದಿನ ಬಿಟ್ಟು ಹೋಗುವಾಗ ಸಮತಟ್ಟಾದ ಜಾಗದಲ್ಲಿ ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಇಳಿಸಿಯೇ ಇಡಿ.