ಕೋಣಗಳ ಕಾದಾಟದಲ್ಲಿ ಉಳಿದ ಸವಣೂರು

ಉತ್ತರ ಕರ್ನಾಟಕದ ಸಂತೆಗಳಲ್ಲಿ ಸವಣೂರಿನ ಎಲೆ ಊರಿನ ಹೆಸರು ಹೇಳಿಕೊಂಡೇ ಮಾರಾಟವಾಗುತ್ತದೆ. ಸವಣೂರು ಖಾರಕ್ಕೂ ಅದೇ ಮರ್ಯಾದೆ. ಆದರೆ ಈ ಊರು 1948ರವರೆಗೆ ತನ್ನದೇ ನವಾಬರಿದ್ದ ಪ್ರತ್ಯೇಕ ಸಂಸ್ಥಾನವಾಗಿತ್ತು ಎಂಬುದು ಎಲೆ ಮೆಲ್ಲುವವರಲ್ಲಿ ಎಷ್ಟು ಜನರಿಗೆ ನೆನಪಿದೆಯೋ!

ಹಾನಗಲ್ಲಿನ ಕಡೆ ಮಲೆನಾಡಿನ ಸೆರಗು ಮುಗಿದು ಬಯಲುಸೀಮೆ ತೆರೆದುಕೊಳ್ಳುವಲ್ಲಿ ಸವಣೂರಿದೆ. ಪಶ್ಚಿಮಕ್ಕೆ ಶಿಗ್ಗಾವಿ ಮತ್ತು ಬಂಕಾಪುರ, ದಕ್ಷಿಣಕ್ಕೆ ವರದಾ ನದಿ. ದಂಡು ತಡೆಯುವಂಥ ಬೆಟ್ಟಸಾಲಿಲ್ಲ. ಪುಣೆಯಿಂದ ಇಳಿದು ಬರುವವರಿಗೂ ಶ್ರೀರಂಗಪಟ್ಟಣದಿಂದ ಏರಿ ಬರುವವರಿಗೂ ಇದೇ ಹಾದಿ. ಊರಿನ ಅರ್ಧ ಇತಿಹಾಸಕ್ಕೆ ಈ ನೆಲದ ಗುಣವೇ ಕಾರಣ.

ನವಾಬರ ಮನೆತನ ಪಠಾಣರದು. ಮೂಲಪುರುಷ ಅಬ್ದುಲ್ ರವೂಫ್ ಖಾನ್ ಔರಂಗಜೇಬನಿಂದ ಬಂಕಾಪುರ, ತೋರಗಲ್ಲು, ಬೆಳಗಾವಿಗಳ ಜಹಗೀರು ಪಡೆದ. ಪುಣೆ, ಹೈದರಾಬಾದು, ಮೈಸೂರು ಎಂಬ ಮೂವರು ಬಲಾಢ್ಯರ ನಡುವೆ ಅಷ್ಟು ದೊಡ್ಡ ತುತ್ತು ದಕ್ಕುವುದು ಕಷ್ಟವೇ. ಕೋಣಗಳು ಕಾದಾಡಿದರೆ ಸಾಯುವುದು ಗಿಡ. 1756ರಲ್ಲಿ ಪೇಶ್ವೆ ಬಾಳಾಜಿ ಬಾಜಿರಾಯನೂ ನಿಜಾಮ ಸಲಾಬತ್ ಜಂಗನೂ ಒಟ್ಟಾಗಿ ಸವಣೂರನ್ನು ಮುತ್ತಿದರು. ನಿಜಾಮನ ಕಡೆಯಿಂದ ಫ್ರೆಂಚ್ ಸೇನಾನಿ ಬುಸ್ಸಿ ಕೂಡ ತೋಪುಗಳೊಂದಿಗೆ ಬಂದಿದ್ದ. ನವಾಬ ಮಣಿದ, ನೆಲ ಕಳೆದುಕೊಂಡ, ಗದ್ದುಗೆ ಉಳಿಸಿಕೊಂಡ.

ಹೈದರಾಲಿಯ ಕಾಲಕ್ಕೆ ಇನ್ನೊಂದು ಉಪಾಯ: ಬೀಗತನ. ಹೈದರನ ಮಗಳು ಸವಣೂರಿಗೆ ಸೊಸೆಯಾಗಿ ಬಂದಳು, ನವಾಬನ ಮಗಳು ಹೈದರನ ಮನೆ ಸೇರಿದಳು. ಕೊಟ್ಟು ತಂದ ಈ ನೆಂಟಸ್ತನ ಟಿಪ್ಪುವನ್ನು ತಡೆಯಲಿಲ್ಲ. 1786ರಲ್ಲಿ ಆತ ಸವಣೂರಿಗೆ ನುಗ್ಗಿದಾಗ ನವಾಬ ಅಬ್ದುಲ್ ಹಕೀಮ್ ಖಾನ್ ಓಡಿಹೋಗಿ ಸೇರಿದ್ದು ಮರಾಠರ ಪಾಳೆಯವನ್ನು. ಮೂವತ್ತು ವರ್ಷಗಳ ಹಿಂದೆ ಊರನ್ನು ಮುತ್ತಿದವರ ಆಸರೆಯನ್ನೇ! ಬಾಲ್ಕನ್ ಕರಾವಳಿಯ ದುಬ್ರೊವ್ನಿಕ್ ನಗರವೂ ವೆನಿಸ್ ಮತ್ತು ತುರ್ಕರ ನಡುವೆ ಸಿಕ್ಕಿಕೊಂಡು, ಸುಲ್ತಾನನಿಗೆ ಕಪ್ಪ ಕಟ್ಟುತ್ತ ಉಳಿದಿತ್ತು. ಅದಕ್ಕಾದರೂ ಸಮುದ್ರದ ವ್ಯಾಪಾರವಿತ್ತು. ಸವಣೂರಿಗೆ ಇದ್ದದ್ದು ಎಲೆಬಳ್ಳಿ, ಹತ್ತಿ, ಜೋಳ.

ಕಡೆಗೆ ಮಿಕ್ಕಿದ ರಾಜ್ಯ ಸುಮಾರು 70 ಚದರ ಮೈಲಿ: ಒಂದು ಪೇಟೆ, ಇಪ್ಪತ್ತು ಚಿಲ್ಲರೆ ಹಳ್ಳಿ. 1901ರ ಜನಗಣತಿಯಲ್ಲಿ ಇಡೀ ಸಂಸ್ಥಾನದ ಜನಸಂಖ್ಯೆ ಇಪ್ಪತ್ತು ಸಾವಿರ ಮುಟ್ಟಿರಲಿಲ್ಲ. ಪೇಟೆಗೆ ಮಾತ್ರ ಕಂದಕವಿತ್ತು, ಎಂಟು ಅಗಸೆ ಬಾಗಿಲುಗಳಿದ್ದವು.

ನವಾಬರ ಊರೆಂದು ಇಲ್ಲಿ ಮಸೀದಿಗಳನ್ನಷ್ಟೇ ಹುಡುಕಿದರೆ ಅರ್ಧ ಊರು ತಪ್ಪಿಹೋಗುತ್ತದೆ. 1783ರಲ್ಲಿ ವೃಂದಾವನಸ್ಥರಾದ ಉತ್ತರಾದಿ ಮಠದ ಸತ್ಯಬೋಧ ತೀರ್ಥರ ಮೂಲ ವೃಂದಾವನ ಇರುವುದು ಇಲ್ಲೇ. ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದೂ ಇಲ್ಲೇ, 1909ರಲ್ಲಿ, ಇನ್ನೂ ನವಾಬರ ಪ್ರಜೆಯಾಗಿ.

ದೊಡ್ಡಹುಣಸೆ ಮಠದ ಆವರಣದ ಮೂರು ಮರಗಳು ಇವರೆಲ್ಲರಿಗಿಂತ ಹಳೆಯವು. ಹೆಸರು ಹುಣಸೆ, ಜಾತಿ ಆಫ್ರಿಕಾದ ಬಾವೊಬಾಬ್. ಹಲವರು ಕೈಕೈ ಹಿಡಿದು ನಿಂತರೆ ಮಾತ್ರ ಬಳಸಬಹುದಾದ ಕಾಂಡ. ಬೀಜ ತಂದವರು ಅರಬ್ ವರ್ತಕರಿರಬೇಕು ಎಂಬ ಊಹೆಯಿದೆ. ಊರವರ ಐತಿಹ್ಯಗಳು ಇನ್ನೂ ಹಿಂದಕ್ಕೆ ಹೋಗುತ್ತವೆ. 2023ರ ಮಳೆಗಾಲದಲ್ಲಿ ಇವುಗಳಲ್ಲೊಂದು ಬುಡಮೇಲಾಯಿತು. ಕಡಿದು ಸಾಗಿಸದೆ, ಕ್ರೇನ್ ತರಿಸಿ ಎತ್ತಿ ಮತ್ತೆ ನೆಟ್ಟರು. ಈ ಕೆಲಸಕ್ಕೆ ಮುಂದಾದದ್ದು ಹಾವೇರಿ ಜಿಲ್ಲಾಡಳಿತ. 1948ರಲ್ಲಿ ಮುಂಬೈ ಪ್ರಾಂತಕ್ಕೆ ಸೇರಿ ಧಾರವಾಡದ ಭಾಗವಾಗಿದ್ದ ಸವಣೂರು, 1997ರಿಂದ ಆ ಹೊಸ ಜಿಲ್ಲೆಯ ಒಂದು ತಾಲ್ಲೂಕು.