32 ಡಿಗ್ರಿಯ ಸ್ವಿಚ್ಚು ಮತ್ತು ದೆಹಲಿಯ ಜೂನ್

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ ಮೆಟ್ರೋದಲ್ಲಿ ಓದೋರಿಗಾಗಿ ಈ ಸಲದ ಮಾತು ಇಲ್ಲಿದೆ.

ಹೋದ ಜೂನ್‌ನಲ್ಲಿ ಅಪ್ಪ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ನೋಯ್ಡಾಕ್ಕೆ ಬಂದ್ರು. ಇನ್ಸುಲಿನ್ ಇಟ್ಟಿದ್ದ ಫ್ಲಾಸ್ಕಿನ ಐಸು ಭೋಪಾಲ್ ದಾಟೋಷ್ಟರಲ್ಲಿ ಕರಗಿ, ನೀರೂ ಬೆಚ್ಚಗಾಗಿತ್ತು. ಎಸೆದು ಹೊಸದು ತರೋಣ ಅಂದೆ. ಅಪ್ಪ ಕೇಳಿದ್ರು: "ನನ್ನ ಮೈಯೊಳಗೂ 37 ಡಿಗ್ರಿ ಇರುತ್ತಲ್ಲೋ, ಅಲ್ಲಿ ಕೆಡಲ್ವಾ?"

ಮೈಯೊಳಗೆ ಅದು ಕೆಲವು ಗಂಟೆಗಳಲ್ಲಿ ಕೆಲಸ ಮುಗಿಸುತ್ತೆ, ಬಾಟಲಿಯಲ್ಲಿ ವಾರಗಟ್ಟಲೆ ಕಾಯಬೇಕು ಅಂತ ಉತ್ತರ ಕೊಟ್ಟೆ. ಆದ್ರೆ ಇನ್ನೊಂದು ಪ್ರಶ್ನೆ ತಲೇಲಿ ಉಳೀತು. ತಾನು ಮೈಯೊಳಗೆ ಸೇರಿದ್ದೀನಿ ಅಂತ ಒಂದು ಔಷಧಿಗೆ ಗೊತ್ತಾಗೋ ಹಾಗೆ ಮಾಡಬಹುದಾ?

ಶಾಖವನ್ನೇ ಗುರುತು ಮಾಡಿಕೊಳ್ಳೋ ಪಾಲಿಮರ್‌ಗಳಿವೆ. ಅದರಲ್ಲಿ ಹೆಸರುವಾಸಿ ಪಿನಿಪ್ಯಾಮ್. ತಣ್ಣನೆಯ ನೀರಿನಲ್ಲಿ ಇದರ ಸರಪಳಿ ನೆನೆದ ಸಬ್ಬಕ್ಕಿಯಂತೆ ನೀರು ಹಿಡಿದು ಉಬ್ಬಿರುತ್ತೆ. ಸುಮಾರು 32 ಡಿಗ್ರಿ ದಾಟಿದರೆ ನೀರು ಬಿಟ್ಟು ಮುದುಡುತ್ತೆ. ತಣ್ಣಗಾದರೆ ಮತ್ತೆ ಬಿಚ್ಚಿಕೊಳ್ಳುತ್ತೆ. ಇದರಿಂದ ನ್ಯಾನೋ ಕಣ ಮಾಡಿ ಔಷಧಿ ತುಂಬಿದರೆ, ಕಣ ಮುದುಡುವಾಗ ಔಷಧಿಯನ್ನ ಹಿಂಡಿ ಹೊರಗೆ ಹಾಕಬಹುದು.

ನಮ್ಮ ಭಾಷೇಲಿ ಹೇಳೋದಾದ್ರೆ ಈ 32 ಹಾರ್ಡ್‌ಕೋಡ್ ಆಗಿಲ್ಲ, ಅದೊಂದು ಕಾನ್ಫಿಗ್ ವ್ಯಾಲ್ಯೂ. ನೀರನ್ನ ಇಷ್ಟಪಡುವ ಘಟಕ ಸೇರಿಸಿದರೆ ಏರುತ್ತೆ, ಎಣ್ಣೆ ಸ್ವಭಾವದ್ದು ಸೇರಿಸಿದರೆ ಇಳಿಯುತ್ತೆ. ಬಿಸಿ ಮಾಡಿದ ಗಡ್ಡೆಯಲ್ಲಿ ಮಾತ್ರ, ಅಂದ್ರೆ 40ರ ಆಸುಪಾಸಿನಲ್ಲಿ ಮುದುಡಬೇಕಾದರೆ ಮೊದಲನೇ ದಾರಿ.

ಬೆರೆಸೋ ರೀತೀನೂ ಮುಖ್ಯ. ಮಲ್ಲಿಗೆ ಮಾಲೆ, ಕನಕಾಂಬರದ ಮಾಲೆ ಒಂದೇ ಬುಟ್ಟೀಲಿ ಇಟ್ಟರೆ ಸಾಮಾನ್ಯವಾಗಿ ಎರಡೂ ತಮ್ಮ ಗುಣ ಬಿಡಲ್ಲ. ಎರಡೂ ಹೂವನ್ನ ಒಂದೇ ದಾರದಲ್ಲಿ ಕಟ್ಟಿದರೆ ಹೊಸ ಮಾಲೆ. ಇದೇ ಕೋಪಾಲಿಮರ್. ಆದ್ರೆ ನೀರು ಇಷ್ಟಪಡುವ ಹೂವು ಹೆಚ್ಚಾದರೆ ಸ್ವಿಚ್ಚು ಮೊಂಡಾಗುತ್ತೆ, ಕೊನೆಗೆ ಇಲ್ಲವೇ ಆಗುತ್ತೆ.

ದೆಹಲಿಯಲ್ಲೇ ಇದರ ಉದಾಹರಣೆ ಇದೆ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಅಮರನಾಥ್ ಮೈತ್ರಾ ಮತ್ತು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನವರು 2007ರಲ್ಲಿ ನ್ಯಾನೋ ಕರ್ಕ್ಯುಮಿನ್ ಬಗ್ಗೆ ಪ್ರಬಂಧ ಪ್ರಕಟಿಸಿದರು. ಅರಿಶಿನದ ಕರ್ಕ್ಯುಮಿನ್ ನೀರಲ್ಲಿ ಕರಗಲ್ಲ. ಪಿನಿಪ್ಯಾಮ್‌ನ ಘಟಕದ ಜೊತೆ ನೀರು ಇಷ್ಟಪಡುವ ಇನ್ನೆರಡು ಘಟಕಗಳನ್ನ ಒಂದೇ ದಾರದಲ್ಲಿ ಕಟ್ಟಿ, ಸುಮಾರು 50 ನ್ಯಾನೋಮೀಟರ್ ಕಣಗಳೊಳಗೆ ಅದನ್ನ ತುಂಬಿದರು. ಅದು ನೀರಲ್ಲಿ ಹರಡಿಕೊಂಡಿತು. ಅವರ ಗುರಿ ಕರಗಿಸೋದಾಗಿತ್ತು, ಶಾಖದ ಸ್ವಿಚ್ಚಲ್ಲ. ಪರೀಕ್ಷೆ ನಡೆದದ್ದು ಪ್ರಯೋಗಾಲಯದ ಕ್ಯಾನ್ಸರ್ ಕೋಶಗಳ ಮೇಲೆ, ಹಾಗಾಗಿ ಅರಿಶಿನ ತಿಂದರೆ ಕ್ಯಾನ್ಸರ್ ಹೋಗುತ್ತೆ ಅಂತ ವಾಟ್ಸಾಪ್‌ನಲ್ಲಿ ಕಳಿಸಬೇಡಿ.

ಈಗ ಅಪ್ಪನ ಪ್ರಶ್ನೆಗೆ ವಾಪಸ್ ಬರೋಣ. ರೂಮು ತಣ್ಣಗೆ, ಮೈ ಬೆಚ್ಚಗೆ ಅನ್ನೋ ನಂಬಿಕೆ ಮೇಲೆ ಈ ಸ್ವಿಚ್ಚು ನಿಂತಿದೆ. ಜೂನ್‌ನ ನೋಯ್ಡಾದಲ್ಲಿ ಎಸಿ ನಿಂತರೆ ಅದು ತಲೆಕೆಳಗು. ಸ್ವಿಚ್ಚಿಗೆ ಗೊತ್ತಾಗೋದು ಡಿಗ್ರಿ ಮಾತ್ರ, ಬ್ಯಾಗು ಯಾವುದು ಮೈ ಯಾವುದು ಅಂತಲ್ಲ. ಪಾಲಿಮರ್‌ನ ಅನುಪಾತ ಎಷ್ಟೇ ಸರಿ ಮಾಡಿದರೂ ಇದು ಬಗೆಹರಿಯಲ್ಲ. ಒಂದು ದಾರಿ ಆ ನ್ಯಾನೋ ಕರ್ಕ್ಯುಮಿನ್‌ನಲ್ಲೇ ಇದೆ: ಕಣಗಳನ್ನ ಒಣಗಿಸಿ ಪುಡಿ ಮಾಡಿಟ್ಟಿದ್ದರು. ನೀರೇ ಇಲ್ಲದಿದ್ದರೆ ಬಿಡೋಕೆ ನೀರಿಲ್ಲ, ಸ್ವಿಚ್ಚೂ ಒತ್ತಿಕೊಳ್ಳಲ್ಲ.

ಅಂದಹಾಗೆ, ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಬೇಕು. ಊರಿಂದ ಅಪ್ಪ ಅಮ್ಮ ಬರ್ತಿದ್ದರೆ ಪ್ರಯಾಣಕ್ಕೆ ಬೇಕಾದಷ್ಟೇ ತರೋಕೆ ಹೇಳಿ, ಉಳಿದದ್ದು ಇಲ್ಲೇ ಕೊಳ್ಳಿ. ಮುಂದಿನ ಮಾತಿನಲ್ಲಿ ಸಿಗೋಣ.